ಇನ್ಸುಲಿನ್ ಸಿರಿಂಜ್: ಬಾಟಲಿಯ ಸಂಖ್ಯೆ ನೋಡಿಯೇ ಕೊಳ್ಳಿ

ಸಕ್ಕರೆ ಕಾಯಿಲೆಗೆ ಮಾತ್ರೆ ಸಾಲದೆ ಇನ್ಸುಲಿನ್ ಶುರುವಾದಾಗ ವೈದ್ಯರು ಚೀಟಿಯಲ್ಲಿ ಒಂದೆರಡು ಸಂಖ್ಯೆ ಬರೆದುಕೊಡುತ್ತಾರೆ. ಬೆಳಿಗ್ಗೆ 24, ರಾತ್ರಿ 16 ಎಂಬ ಹಾಗೆ. ಮನೆಯವರು ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ಊಟಕ್ಕೆ ಎಷ್ಟು ಮೊದಲು ಚುಚ್ಚಬೇಕು ಎಂಬುದನ್ನೂ ನೆನಪಿಟ್ಟುಕೊಳ್ಳುತ್ತಾರೆ. ಸಿರಿಂಜಿನ ವಿಷಯದಲ್ಲಿ ಮಾತ್ರ ಹೆಚ್ಚಿನವರು ಮೆಡಿಕಲ್ ಶಾಪಿನವರು ಕೊಟ್ಟದ್ದನ್ನು ತಂದುಬಿಡುತ್ತಾರೆ. ಇನ್ಸುಲಿನ್ ಸಿರಿಂಜ್ ಎಂದರೆ ಎಲ್ಲವೂ ಒಂದೇ ಎಂಬ ಭಾವನೆ. ಒಂದೇ ಅಲ್ಲ. ನಮ್ಮ ಅಂಗಡಿಗಳಲ್ಲಿ ಎರಡು ಬಲದ ಇನ್ಸುಲಿನ್ ಬಾಟಲಿಗಳಿವೆ, ಅವಕ್ಕೆ ತಕ್ಕಂತೆ ಎರಡು ಬಗೆಯ ಸಿರಿಂಜ್‌ಗಳಿವೆ. ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಿದರೆ, ವೈದ್ಯರು ಹೇಳಿದ ಗೆರೆಯವರೆಗೇ ಎಳೆದಿದ್ದರೂ ದೇಹಕ್ಕೆ ಸೇರುವ ಮದ್ದು ಎರಡೂವರೆ ಪಟ್ಟು ಹೆಚ್ಚಾಗುತ್ತದೆ, ಇಲ್ಲವೇ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ.

ನಮ್ಮ ಕರಾವಳಿಯ ಮನೆಗಳಿಗೆ ಈ ವಿಷಯ ಇನ್ನೂ ಒಂದು ಕಾರಣಕ್ಕೆ ಮುಖ್ಯ. ಮಂಗಳೂರು, ಉಡುಪಿ, ಭಟ್ಕಳದ ಕಡೆ ಮನೆಯಲ್ಲೊಬ್ಬರು ಕೊಲ್ಲಿ ದೇಶದಲ್ಲಿರುವುದು ಸಾಮಾನ್ಯ. ರಜೆಯಲ್ಲಿ ಬರುವ ಮಗ ತಾಯಿಗೆಂದು ಸಿರಿಂಜಿನ ಪೊಟ್ಟಣ ತರುತ್ತಾನೆ, ಕೆಲವೊಮ್ಮೆ ಇನ್ಸುಲಿನ್ ಬಾಟಲಿಯನ್ನೇ ತರುತ್ತಾನೆ. ಇಲ್ಲಿಂದ ಹಜ್‌ಗೋ ಉಮ್ರಾಕ್ಕೋ ಹೋದ ಹಿರಿಯರು ಇಲ್ಲಿನ ಬಾಟಲಿಗೆ ಅಲ್ಲಿನ ಸಿರಿಂಜ್ ಕೊಳ್ಳುತ್ತಾರೆ. ಅಲ್ಲಿ ನಡೆಯುವುದು ಒಂದು ಅಳತೆ, ಇಲ್ಲಿನ ಬಾಟಲಿಗಳಲ್ಲಿ ಹೆಚ್ಚಾಗಿ ಸಿಗುವುದು ಇನ್ನೊಂದು ಅಳತೆ.

ಯೂನಿಟ್ ಎಂದರೆ ಮದ್ದಿನ ಲೆಕ್ಕ

ಯೂನಿಟ್ ಎಂಬುದು ದ್ರವದ ಅಳತೆಯಲ್ಲ. ಆ ದ್ರವದೊಳಗೆ ಎಷ್ಟು ಇನ್ಸುಲಿನ್ ಇದೆ ಎಂಬುದರ ಅಳತೆ. ಎರಡು ಲೋಟ ಶರಬತ್ತು ಮಾಡುತ್ತೀರಿ ಎಂದುಕೊಳ್ಳಿ. ಒಂದಕ್ಕೆ ನಾಲ್ಕು ಚಮಚ ಸಕ್ಕರೆ, ಇನ್ನೊಂದಕ್ಕೆ ಹತ್ತು ಚಮಚ. ಲೋಟಗಳು ಒಂದೇ ಗಾತ್ರದವು, ನೋಡುವುದಕ್ಕೂ ಒಂದೇ ತರಹ. ಆದರೆ ಎರಡರಿಂದಲೂ ಒಂದೊಂದು ಗುಟುಕು ಕುಡಿದರೆ ಒಳಗೆ ಹೋಗುವ ಸಕ್ಕರೆ ಒಂದೇ ಆಗುವುದಿಲ್ಲ. ಇನ್ಸುಲಿನ್ ಬಾಟಲಿಗಳದ್ದೂ ಇದೇ ಕಥೆ. ಒಂದು ಬಗೆಯಲ್ಲಿ ಪ್ರತಿ ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. ಇನ್ನೊಂದರಲ್ಲಿ 100 ಯೂನಿಟ್. ಎರಡೂ 10 ಮಿಲಿಲೀಟರಿನ ಬಾಟಲಿಗಳಾಗಿದ್ದರೆ ಮೊದಲನೆಯದರಲ್ಲಿ ಒಟ್ಟು 400 ಯೂನಿಟ್, ಎರಡನೆಯದರಲ್ಲಿ 1000 ಯೂನಿಟ್. ಕೈಯಲ್ಲಿ ಹಿಡಿದು ನೋಡಿದರೆ ವ್ಯತ್ಯಾಸ ಗೊತ್ತಾಗದು, ಲೇಬಲ್ಲಿನ ಸಣ್ಣ ಅಕ್ಷರ ಓದಿದರೆ ಮಾತ್ರ ಗೊತ್ತಾಗುತ್ತದೆ.

ಎರಡು ಅಳತೆಗಳು ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. 1921ರಲ್ಲಿ ಕೆನಡಾದ ಟೊರೊಂಟೊದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ಇನ್ಸುಲಿನ್ ಕಂಡುಹಿಡಿದರು. 1922ರ ಜನವರಿಯಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬನಿಗೆ, ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಚುಚ್ಚಲಾಯಿತು. ಆರಂಭದ ಮದ್ದು ತೆಳು. ತಯಾರಿಕೆಯ ವಿಧಾನ ಸುಧಾರಿಸಿದ ಹಾಗೆ 20, 40, 80 ಯೂನಿಟ್ ಬಲದ ಬಾಟಲಿಗಳು ಬಂದವು. 40 ಮತ್ತು 80 ಎರಡೂ ಒಟ್ಟೊಟ್ಟಿಗೆ ಮಾರುಕಟ್ಟೆಯಲ್ಲಿದ್ದ ಕಾಲದಲ್ಲಿ ಬೇರೆ ದೇಶಗಳ ರೋಗಿಗಳೂ ಇದೇ ಗೊಂದಲಕ್ಕೆ ಸಿಕ್ಕಿ ನರಳಿದ್ದಾರೆ. ಅದನ್ನು ತಪ್ಪಿಸಲೆಂದೇ ಅಮೆರಿಕ 1970ರ ದಶಕದಲ್ಲಿ 100ರ ಅಳತೆಯನ್ನು ತಂದಿತು, ಬ್ರಿಟನ್ 1983ರಲ್ಲಿ ಬದಲಾಯಿಸಿಕೊಂಡಿತು. ಕೊಲ್ಲಿ ದೇಶಗಳಲ್ಲೂ ಈಗ 100ರದ್ದೇ ಬಳಕೆ. ಭಾರತದಲ್ಲಿ 40ರ ಬಾಟಲಿ ಉಳಿದುಕೊಂಡಿತು, ಅದರ ಪಕ್ಕದಲ್ಲೇ 100ರ ಬಾಟಲಿಗಳೂ ಪೆನ್ನುಗಳೂ ಬಂದವು. ನನ್ನನ್ನು ಕೇಳಿದರೆ ಇಡೀ ದೇಶಕ್ಕೆ ಒಂದೇ ಅಳತೆ ಇರುವುದು ಒಳ್ಳೆಯದು. ಅಲ್ಲಿಯವರೆಗೆ ನೋಡಿ ಕೊಳ್ಳುವ ಕೆಲಸ ನಮ್ಮದೇ.

ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ

40ರ ಇನ್ಸುಲಿನ್‌ಗೆ ತಯಾರಾದ ಸಿರಿಂಜಿನ ಮೇಲೆ ಯು-40 ಎಂದು ಅಚ್ಚಾಗಿರುತ್ತದೆ, ಸೂಜಿಯ ಮುಚ್ಚಳ ಕೆಂಪು. 100ರದ್ದಕ್ಕೆ ತಯಾರಾದದ್ದರ ಮೇಲೆ ಯು-100 ಎಂದಿರುತ್ತದೆ, ಮುಚ್ಚಳ ಕಿತ್ತಳೆ ಬಣ್ಣ. ಬಾಟಲಿಯ ಲೇಬಲ್ಲಿನಲ್ಲಿ 40 ಐಯು ಪ್ರತಿ ಎಂಎಲ್ ಅಥವಾ 100 ಐಯು ಪ್ರತಿ ಎಂಎಲ್ ಎಂದು ಇಂಗ್ಲಿಷ್‌ನಲ್ಲಿ ಬರೆದಿರುತ್ತಾರೆ. ಇಂಗ್ಲಿಷ್ ಓದಲು ಬಾರದಿದ್ದರೂ ತೊಂದರೆಯಿಲ್ಲ, 40 ಮತ್ತು 100 ಎಂಬ ಅಂಕಿಗಳನ್ನು ಗುರುತಿಸಿದರೆ ಸಾಕು. ಬಾಟಲಿಯ ಮೇಲಿನ ಅಂಕಿಯೂ ಸಿರಿಂಜಿನ ಮೈಮೇಲಿನ ಅಂಕಿಯೂ ಒಂದೇ ಆಗಿರಬೇಕು.

ಕೆಂಪು ಮತ್ತು ಕಿತ್ತಳೆ ಬಣ್ಣಗಳು ರಾತ್ರಿ ಬಲ್ಬಿನ ಬೆಳಕಿನಲ್ಲಿ ಒಂದೇ ತರಹ ಕಾಣುತ್ತವೆ. ವರ್ಷಗಟ್ಟಲೆ ಸಕ್ಕರೆ ಕಾಯಿಲೆ ಇದ್ದು ಕಣ್ಣು ಮಂಜಾದವರಿಗಂತೂ ಹೇಳುವುದೇ ಬೇಡ. ಒಂದು ಸಿರಿಂಜಿನ ಮುಚ್ಚಳ ಇನ್ನೊಂದಕ್ಕೆ ಹೋಗಿ ಕೂರುವುದೂ ಉಂಟು. ಆದ್ದರಿಂದ ಮುಚ್ಚಳದ ಬಣ್ಣವನ್ನು ಅಂಗಡಿಯಲ್ಲಿ ಬೇಗ ಗುರುತು ಹಿಡಿಯಲು ಬಳಸಿ, ನಂಬುವುದು ಮಾತ್ರ ಸಿರಿಂಜಿನ ಮೈಮೇಲಿನ ಅಂಕಿಯನ್ನು.

ಇನ್ಸುಲಿನ್ ಬ್ರಾಂಡಿನ ಹೆಸರು ನೋಡಿ ಅದು 40ರದ್ದೋ 100ರದ್ದೋ ಎಂದು ತೀರ್ಮಾನಿಸಬೇಡಿ. ಹಳೆಯ ಬಗೆಯ ಇನ್ಸುಲಿನ್‌ಗಳು, ಅಂದರೆ ತಿಳಿಯಾದ ಸಾದಾ ಇನ್ಸುಲಿನ್, ಹಾಲಿನಂತೆ ಬೆಳ್ಳಗಿರುವ 30/70 ಮಿಶ್ರಣ ಇವು ಇಲ್ಲಿ ಹೆಚ್ಚಾಗಿ 40ರ ಬಾಟಲಿಯಲ್ಲಿ ಬರುತ್ತವೆ. ದಿನಕ್ಕೊಮ್ಮೆ ತೆಗೆದುಕೊಳ್ಳುವ ಗ್ಲಾರ್ಜಿನ್‌ನಂಥ ಹೊಸ ಬಗೆಯವು 100ರದ್ದು. ಒಬ್ಬರಿಗೇ ಎರಡೂ ಬರೆದುಕೊಟ್ಟಿದ್ದರೆ ಒಂದೇ ಮನೆಯಲ್ಲಿ ಎರಡು ಬಗೆಯ ಸಿರಿಂಜ್ ಇರಬೇಕಾಗುತ್ತದೆ. ಅಂಥ ಮನೆಯಲ್ಲಿ ಎರಡು ಡಬ್ಬಿ ಮಾಡಿ, ಬಾಟಲಿಯ ಜೊತೆಗೇ ಅದರ ಸಿರಿಂಜನ್ನು ಇಟ್ಟುಬಿಡಿ.

ತಪ್ಪು ಸಿರಿಂಜ್ ಏನು ಮಾಡುತ್ತದೆ?

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಉಮ್ಮನಿಗೆ ಬೆಳಿಗ್ಗೆ 24 ಯೂನಿಟ್. ಬಾಟಲಿ ಇಲ್ಲಿನ ಅಂಗಡಿಯದು, 40ರದ್ದು. ಮಗ ಜಿದ್ದಾದಿಂದ ತಂದ ಸಿರಿಂಜ್ 100ರದ್ದು. ಸೊಸೆ 24ರ ಗೆರೆಗೆ ಸರಿಯಾಗಿ ಎಳೆದು ಚುಚ್ಚುತ್ತಾಳೆ. ಆ ಸಿರಿಂಜಿನಲ್ಲಿ 24ರ ಗೆರೆ ಎಂದರೆ 0.24 ಮಿಲಿಲೀಟರ್ ದ್ರವ. 40ರ ಬಾಟಲಿಯ ಅಷ್ಟು ದ್ರವದಲ್ಲಿರುವುದು 9.6 ಯೂನಿಟ್. 24ರ ಬದಲು ಹತ್ತಕ್ಕೂ ಕಡಿಮೆ. ಸಕ್ಕರೆ ಏರುತ್ತದೆ. ಉಮ್ಮನಿಗೆ ಬಾಯಾರಿಕೆ, ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು, ಕಾಲಿನ ಗಾಯ ಮಾಯದಿರುವುದು. ಅನ್ನ ತಿಂದದ್ದಕ್ಕೆ, ಮದುವೆಗೆ ಹೋಗಿ ಬಿರಿಯಾನಿ ತಿಂದದ್ದಕ್ಕೆ ಎಲ್ಲರೂ ಅವರನ್ನು ಗದರಿಸುತ್ತಾರೆ. ಪಾಪ, ಅವರ ಬಾಯಿಯ ತಪ್ಪೇ ಅಲ್ಲ ಅದು.

ಮುಂದಿನ ಹಂತ ಇನ್ನೂ ಅಪಾಯದ್ದು. ಸಕ್ಕರೆ ಇಳಿಯದ್ದನ್ನು ಕಂಡು ವೈದ್ಯರು ಪ್ರಮಾಣವನ್ನು 28ಕ್ಕೆ, 32ಕ್ಕೆ, ಕೊನೆಗೆ 36ಕ್ಕೆ ಏರಿಸುತ್ತಾರೆ. ತಪ್ಪು ಸಿರಿಂಜಿನಲ್ಲಿ 36ರ ಗೆರೆ ಎಂದರೆ ನಿಜವಾಗಿ 14.4 ಯೂನಿಟ್. ಉಮ್ಮನಿಗೆ ಸ್ವಲ್ಪ ಸುಧಾರಿಸುತ್ತದೆ. ಅಷ್ಟರಲ್ಲಿ ಜಿದ್ದಾದ ಪೊಟ್ಟಣ ಮುಗಿಯುತ್ತದೆ. ಪಕ್ಕದ ಮೆಡಿಕಲ್‌ನಿಂದ ಕೆಂಪು ಮುಚ್ಚಳದ ಸಿರಿಂಜ್ ಬರುತ್ತದೆ. ಅದು ಸರಿಯಾದ ಸಿರಿಂಜೇ. ಸೊಸೆ ಎಂದಿನಂತೆ 36ಕ್ಕೆ ಎಳೆಯುತ್ತಾಳೆ. ಈ ಸಲ ಒಳಗೆ ಹೋಗುವುದು ಪೂರ್ತಿ 36 ಯೂನಿಟ್. ನಿನ್ನೆಯವರೆಗೆ 14.4 ಯೂನಿಟ್‌ಗೆ ಒಗ್ಗಿದ್ದ ದೇಹಕ್ಕೆ ಇಂದು ಎರಡೂವರೆ ಪಟ್ಟು. ಮಧ್ಯಾಹ್ನದೊಳಗೆ ಬೆವರು, ನಡುಕ, ಮಾತು ತೊದಲುವುದು, ಪ್ರಜ್ಞೆ ತಪ್ಪುವುದು.

ಹಾಗಾಗಿ ತಪ್ಪು ಸಿರಿಂಜ್ ಬಳಸುತ್ತಿದ್ದೆವು ಎಂದು ತಿಳಿದ ದಿನ ಸುಮ್ಮನೆ ಸಿರಿಂಜ್ ಬದಲಾಯಿಸಬೇಡಿ. ಬಾಟಲಿ, ಹಳೆಯ ಸಿರಿಂಜ್, ಚೀಟಿ ಮೂರನ್ನೂ ವೈದ್ಯರಿಗೆ ತೋರಿಸಿ. ಹೊಸ ಸಿರಿಂಜಿನಲ್ಲಿ ಎಷ್ಟು ಯೂನಿಟ್ ಎಂಬುದನ್ನು ಅವರೇ ಮತ್ತೆ ನಿಶ್ಚಯಿಸಬೇಕು. ಈ ಲೇಖನ ಓದಿ ಮನೆಯ ಫ್ರಿಜ್ಜು ತೆರೆದು ನೋಡಿದಾಗ ಅಂಕಿಗಳು ಹೊಂದದಿರುವುದು ಕಂಡರೆ ಇದನ್ನು ಖಂಡಿತ ನೆನಪಿಡಿ. ಹೋಗುವುದು ತಡವಾಗುವಂತಿದ್ದರೆ ಮುಂದಿನ ಚುಚ್ಚುವಿಕೆಗೆ ಮೊದಲು ಫೋನಿನಲ್ಲಾದರೂ ಕೇಳಿ.

ತಿರುವುಮುರುವಾದರೆ ಒಂದೇ ಸಲಕ್ಕೆ ಅಪಾಯ. ಮಗ ತಂದದ್ದು 100ರ ಬಾಟಲಿ, ಮನೆಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್ ಎಂದಾದರೆ, 24ರ ಗೆರೆ ಎಂದರೆ 0.6 ಮಿಲಿಲೀಟರ್. ಅದರಲ್ಲಿ 60 ಯೂನಿಟ್ ಇನ್ಸುಲಿನ್. ರಾತ್ರಿ ಮಲಗುವ ಮುನ್ನ ಹೀಗಾದರೆ ಮನೆಯವರಿಗೆ ಗೊತ್ತಾಗುವುದು ಬೆಳಿಗ್ಗೆ. ಅಷ್ಟರಲ್ಲಿ ಕೈಮೀರಿರಬಹುದು.

ಬಾಟಲಿ ಎಷ್ಟು ದಿನ ಬಂತು?

ತಪ್ಪು ಪತ್ತೆ ಮಾಡಲು ಮನೆಯಲ್ಲೇ ಒಂದು ಸುಲಭದ ಲೆಕ್ಕವಿದೆ. ಬೆಳಿಗ್ಗೆ 24, ರಾತ್ರಿ 16 ಎಂದರೆ ದಿನಕ್ಕೆ 40 ಯೂನಿಟ್. 40ರ 10 ಮಿಲಿಲೀಟರ್ ಬಾಟಲಿಯಲ್ಲಿ 400 ಯೂನಿಟ್ ಇರುವುದರಿಂದ ಅದು ಹತ್ತು ದಿನಕ್ಕೆ ಮುಗಿಯಬೇಕು. ಗುಳ್ಳೆ ತೆಗೆಯುವಾಗ ಸ್ವಲ್ಪ ಪೋಲಾಗುವುದರಿಂದ ಹತ್ತಕ್ಕೆ ಸ್ವಲ್ಪ ಮೊದಲೇ ಮುಗಿದರೂ ಸರಿ. ಆದರೆ ಅದೇ ಬಾಟಲಿ ಇಪ್ಪತ್ತು, ಇಪ್ಪತ್ತೈದು ದಿನ ಬಂದರೆ ಖುಷಿಪಡಬೇಡಿ, ಬರಕತ್ ಅಲ್ಲ ಅದು. ಕಿತ್ತಳೆ ಮುಚ್ಚಳದ ಸಿರಿಂಜ್ ಬಳಸುತ್ತಿದ್ದೀರಿ, ಅಥವಾ ಕೆಲವು ಹೊತ್ತು ಚುಚ್ಚುವುದನ್ನೇ ಬಿಡುತ್ತಿದ್ದೀರಿ ಎಂದರ್ಥ. 100ರ ಬಾಟಲಿಯಾದರೆ ಇದೇ ಪ್ರಮಾಣಕ್ಕೆ 25 ದಿನ ಬರಬೇಕು. ಅದು ಹತ್ತೇ ದಿನಕ್ಕೆ ಖಾಲಿಯಾಗುತ್ತಿದ್ದರೆ ಆ ಹೊತ್ತಿನಿಂದಲೇ ಎಚ್ಚರ. ಹೊಸ ಬಾಟಲಿ ತೆರೆದ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಪೆನ್ನಿನಲ್ಲಿ ಬರೆದಿಡುವ ಅಭ್ಯಾಸ ಇಟ್ಟುಕೊಂಡರೆ ಈ ಲೆಕ್ಕ ತಾನಾಗಿ ಸಿಗುತ್ತದೆ. ತೆರೆದ ಬಾಟಲಿಯನ್ನು ಸುಮಾರು ಒಂದು ತಿಂಗಳಿಗಿಂತ ಹೆಚ್ಚು ಬಳಸಬಾರದು ಎಂಬುದಕ್ಕೂ ಆ ದಿನಾಂಕ ಬೇಕು.

ಕೆಲವರು ಇನ್ನೊಂದು ಉಪಾಯ ಹೇಳುತ್ತಾರೆ. 40ರ ಇನ್ಸುಲಿನ್‌ಗೆ 100ರ ಸಿರಿಂಜೇ ಇದ್ದರೆ ಎರಡೂವರೆಯಿಂದ ಗುಣಿಸಿ ಎಳೆದರಾಯಿತಲ್ಲ, 24ರ ಬದಲು 60ಕ್ಕೆ ಎಳೆದರಾಯಿತಲ್ಲ ಎಂದು. ಲೆಕ್ಕವೇನೋ ಸರಿ. ಆದರೆ ಮನೆಯಲ್ಲಿ ಇಂದು ಚುಚ್ಚುವವರು ಮಗಳು, ನಾಳೆ ಮೊಮ್ಮಗ, ನಾಡಿದ್ದು ಪಕ್ಕದ ಮನೆಯ ನರ್ಸ್. ಸಿರಿಂಜ್ ಬದಲಾದ ದಿನವೂ ಯಾರೋ ಒಬ್ಬರು 60ಕ್ಕೆ ಎಳೆಯಲು ಹೊರಡುತ್ತಾರೆ. ಗುಣಿಸುವ, ಭಾಗಿಸುವ ಲೆಕ್ಕವನ್ನು ಇನ್ಸುಲಿನ್ ಹತ್ತಿರ ಬಿಡಲೇಬಾರದು. ಸರಿಯಾದ ಸಿರಿಂಜ್ ಊರಿನಲ್ಲಿ ಸಿಗದಿದ್ದರೆ ಹತ್ತಿರದ ಆಸ್ಪತ್ರೆಗೆ ಬಾಟಲಿ ಒಯ್ದು ಅಲ್ಲಿಯೇ ಚುಚ್ಚಿಸಿಕೊಳ್ಳಿ. ಸಿರಿಂಜ್ ಇಲ್ಲವೆಂದು ಇನ್ಸುಲಿನ್ ಬಿಡುವುದೂ ತಪ್ಪು. ಮುಖ್ಯವಾಗಿ ಮಕ್ಕಳ ಸಕ್ಕರೆ ಕಾಯಿಲೆಯಲ್ಲಿ ಒಂದು ದಿನ ಬಿಟ್ಟರೂ ಜೀವಕ್ಕೆ ಕುತ್ತು.

ಎಷ್ಟು ದೊಡ್ಡ ಸಿರಿಂಜ್?

ಅಂಕಿ ಹೊಂದಿದ ಮೇಲೆ ಗಾತ್ರದ ಪ್ರಶ್ನೆ. 40ರ ಸಿರಿಂಜ್ ಸಾಮಾನ್ಯವಾಗಿ ಒಂದು ಮಿಲಿಲೀಟರಿನದು, ತುಂಬ 40 ಯೂನಿಟ್ ಹಿಡಿಯುತ್ತದೆ, ಒಂದು ಸಣ್ಣ ಗೆರೆಗೆ ಒಂದು ಯೂನಿಟ್. ಇಲ್ಲಿ ಆಯ್ಕೆಗೆ ಹೆಚ್ಚು ಜಾಗವಿಲ್ಲ. ಒಂದು ಹೊತ್ತಿಗೆ 40ಕ್ಕಿಂತ ಹೆಚ್ಚು ಬೇಕಾದವರು ಎರಡು ಸಲ ಚುಚ್ಚಬೇಕಾಗುತ್ತದೆ. ಅದನ್ನು ಹೇಗೆ ಹಂಚಬೇಕೆಂದು ವೈದ್ಯರನ್ನು ಕೇಳಬೇಕು.

100ರ ಸಿರಿಂಜಿನಲ್ಲಿ ಮೂರು ಗಾತ್ರಗಳಿವೆ: 30 ಯೂನಿಟ್ ಹಿಡಿಯುವ 0.3 ಮಿಲಿಲೀಟರಿನದು, 50 ಹಿಡಿಯುವ ಅರ್ಧ ಮಿಲಿಲೀಟರಿನದು, 100 ಹಿಡಿಯುವ ಒಂದು ಮಿಲಿಲೀಟರಿನದು. ನಿಮ್ಮ ಒಂದು ಹೊತ್ತಿನ ಪ್ರಮಾಣವನ್ನು ಹಿಡಿಯುವ ಅತಿ ಸಣ್ಣದನ್ನು ಕೊಳ್ಳಿ. ಕಾರಣ ಗೆರೆಗಳಲ್ಲಿದೆ. ಸಣ್ಣ ಸಿರಿಂಜಿನ ಕೊಳವೆ ಸಪೂರ, ಹಾಗಾಗಿ ಗೆರೆಗಳು ದೂರ ದೂರ ಇರುತ್ತವೆ, ಓದಲು ಸುಲಭ. ಒಂದು ಮಿಲಿಲೀಟರಿನದರಲ್ಲಿ ಸಾಮಾನ್ಯವಾಗಿ ಒಂದು ಸಣ್ಣ ಗೆರೆಗೆ ಎರಡು ಯೂನಿಟ್. 15 ಯೂನಿಟ್ ಬೇಕಾದವರು 14 ಮತ್ತು 16ರ ಗೆರೆಗಳ ನಡುವೆ ಅಂದಾಜು ಮಾಡಬೇಕಾಗುತ್ತದೆ. ಅರ್ಧ ಮಿಲಿಲೀಟರಿನದರಲ್ಲಿ ಒಂದು ಗೆರೆಗೆ ಒಂದೇ ಯೂನಿಟ್, ಅಂದಾಜಿನ ಗೊಡವೆಯಿಲ್ಲ. ಮಕ್ಕಳಿಗೆಂದು ಅರ್ಧ ಯೂನಿಟ್ ಗೆರೆಗಳಿರುವ 0.3 ಮಿಲಿಲೀಟರಿನ ಸಿರಿಂಜೂ ಉಂಟು. ನಾಲ್ಕು ಯೂನಿಟ್ ತೆಗೆದುಕೊಳ್ಳುವ ಮಗುವಿಗೆ ಒಂದು ಯೂನಿಟಿನ ಏರುಪೇರು ಎಂದರೆ ಕಾಲು ಭಾಗದ ಏರುಪೇರು. ಒಂದು ವಿಷಯ ಗಮನಿಸಿ: ಹೊಸ ಗಾತ್ರದ ಸಿರಿಂಜ್ ತಂದ ದಿನ ಗೆರೆಗಳನ್ನು ಮತ್ತೊಮ್ಮೆ ಎಣಿಸಿ ನೋಡಬೇಕು. ಗೆರೆ ಎಣಿಸಿ ಎಳೆಯುವ ಅಭ್ಯಾಸವಿದ್ದವರು ಇಲ್ಲಿ ಎಡವುತ್ತಾರೆ.

ಸೂಜಿಯ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದು ಬೇಡ. 30, 31 ಎಂದು ಬರೆದಿರುವುದು ದಪ್ಪದ ಅಂಕಿ, ಅಂಕಿ ದೊಡ್ಡದಾದಷ್ಟು ಸೂಜಿ ಸಪೂರ. ಉದ್ದ 6 ಅಥವಾ 8 ಮಿಲಿಮೀಟರ್. ದಪ್ಪ ಮೈಯವರಿಗೆ ಉದ್ದ ಸೂಜಿ ಬೇಕೆಂಬುದು ತಪ್ಪು ತಿಳಿವಳಿಕೆ. ಚರ್ಮದ ದಪ್ಪ ಎಲ್ಲರಲ್ಲೂ ಹೆಚ್ಚುಕಡಿಮೆ ಎರಡು ಮಿಲಿಮೀಟರ್. ಅದರ ಕೆಳಗಿನ ಕೊಬ್ಬಿನ ಪದರಕ್ಕೆ ಮದ್ದು ಸೇರಿದರೆ ಸಾಕು. ಉದ್ದ ಸೂಜಿ ಸ್ನಾಯುವಿಗೆ ತಾಗಿದರೆ ಇನ್ಸುಲಿನ್ ಬೇಗ ರಕ್ತಕ್ಕೆ ಸೇರಿ ಸಕ್ಕರೆ ಒಮ್ಮೆಲೇ ಇಳಿಯಬಹುದು. ತೆಳ್ಳಗಿನವರು, ಮಕ್ಕಳು, 8 ಮಿಲಿಮೀಟರಿನ ಸೂಜಿ ಬಳಸುವವರು ಹೊಟ್ಟೆಯ ಅಥವಾ ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದು ಚುಚ್ಚಬೇಕು.

ಇನ್ಸುಲಿನ್ ಸಿರಿಂಜಿನಂತೆಯೇ ಸಪೂರವಾಗಿರುವ ಒಂದು ಮಿಲಿಲೀಟರಿನ ಬೇರೆ ಸಿರಿಂಜ್ ಇದೆ, ಚರ್ಮದ ಪರೀಕ್ಷೆ ಮುಂತಾದವಕ್ಕೆ ಬಳಸುವಂಥದ್ದು. ಅದರಲ್ಲಿ ಯೂನಿಟ್ ಇರುವುದಿಲ್ಲ, ಮಿಲಿಲೀಟರಿನ ಹತ್ತನೇ ಭಾಗಗಳಿರುತ್ತವೆ. ಅದೂ ಬೇಡ, ಜ್ವರದ ಇಂಜೆಕ್ಷನ್‌ನ 2 ಮಿಲಿಲೀಟರಿನ ಸಿರಿಂಜೂ ಬೇಡ.

ಪೆನ್ ಇದ್ದರೆ

ಪೆನ್ನಿನಲ್ಲಿ ಗುಂಡಿ ತಿರುಗಿಸಿ ಯೂನಿಟ್ ಇಡುವುದರಿಂದ ಸಿರಿಂಜ್ ಹೊಂದದ ಗೊಂದಲವೇ ಇಲ್ಲ. ಕಣ್ಣು ಮಂಜಾದವರಿಗೆ, ಕೈ ನಡುಗುವವರಿಗೆ ಖರ್ಚು ತುಸು ಹೆಚ್ಚಾದರೂ ಪೆನ್ ಒಳ್ಳೆಯದು. ಗುಂಡಿ ತಿರುಗುವಾಗ ಟಿಕ್ ಟಿಕ್ ಎಂದು ಕೇಳಿಸುವುದೂ ಅವರಿಗೆ ಒಂದು ಸಹಾಯ. ಆದರೆ ಪೆನ್ ಕೆಟ್ಟಿತೆಂದು ಅದರೊಳಗಿನ ಕಾರ್ಟ್ರಿಜ್‌ನಿಂದ ಸಿರಿಂಜಿನಲ್ಲಿ ಎಳೆಯುವವರಿದ್ದಾರೆ. ಕಾರ್ಟ್ರಿಜ್‌ನಲ್ಲಿರುವುದು 100ರ ಇನ್ಸುಲಿನ್, 3 ಮಿಲಿಲೀಟರಿಗೆ 300 ಯೂನಿಟ್. ಮನೆಯಲ್ಲಿರುವುದು ಕೆಂಪು ಮುಚ್ಚಳದ ಸಿರಿಂಜಾದರೆ ಮೇಲೆ ಹೇಳಿದ 60 ಯೂನಿಟಿನ ಅನಾಹುತವೇ. 200, 300ರ ಬಲದ ಪೆನ್ನುಗಳೂ ಈಗ ಬಂದಿವೆ, ಅವುಗಳಿಂದ ಎಳೆದರೆ ಇನ್ನೂ ಕೆಟ್ಟದ್ದು. ಪೆನ್ನಿನ ಮದ್ದು ಪೆನ್ನಿನಲ್ಲೇ ಇರಲಿ.

ಎಳೆಯುವ ರೀತಿ

ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿ. ಬೆಳ್ಳಗಿನ ಇನ್ಸುಲಿನ್ ಆದರೆ ಬಾಟಲಿಯನ್ನು ಎರಡು ಅಂಗೈಗಳ ನಡುವೆ ಹತ್ತು ಸಲ ಹೊರಳಿಸಿ, ಕುಲುಕಬೇಡಿ. ಬೇಕಾದ ಯೂನಿಟ್‌ನಷ್ಟೇ ಗಾಳಿಯನ್ನು ಮೊದಲು ಸಿರಿಂಜಿಗೆ ಎಳೆದು ಬಾಟಲಿಯೊಳಗೆ ಬಿಡಿ. ನಂತರ ಬಾಟಲಿಯನ್ನು ತಲೆಕೆಳಗೆ ಮಾಡಿ ಮದ್ದು ಎಳೆಯಿರಿ. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಮೇಲಕ್ಕೆ ಬರಿಸಿ, ಬಾಟಲಿಗೇ ವಾಪಸು ತಳ್ಳಿ ಮತ್ತೆ ಎಳೆಯಿರಿ. ಗುಳ್ಳೆ ಮೈಗೆ ಹೋದರೆ ಸಾಯುತ್ತಾರೆಂದು ಹೆದರುವವರಿದ್ದಾರೆ. ಚರ್ಮದಡಿಯ ಸಣ್ಣ ಗುಳ್ಳೆಯಿಂದ ಅಂಥದ್ದೇನೂ ಆಗದು, ಅದು ಮದ್ದಿನ ಜಾಗ ತಿನ್ನುತ್ತದೆ ಅಷ್ಟೇ. ಗೆರೆ ಓದುವಾಗ ಸಿರಿಂಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಕಪ್ಪು ರಬ್ಬರಿನ ಸೂಜಿ ಕಡೆಯ ಅಂಚು ಎಲ್ಲಿದೆ ಎಂದು ನೋಡಿ. ಹಿಂದಿನ ಅಂಚನ್ನು ಓದಿದರೆ ಮದ್ದು ಕಡಿಮೆಯಾಗುತ್ತದೆ.

ಹೊಕ್ಕುಳಿನಿಂದ ಎರಡು ಬೆರಳು ಬಿಟ್ಟು ಹೊಟ್ಟೆ, ತೊಡೆಯ ಮುಂಭಾಗ ಮತ್ತು ಹೊರಭಾಗ ಚುಚ್ಚಲು ಒಳ್ಳೆಯ ಜಾಗಗಳು. ಒಂದೇ ಚುಕ್ಕಿಯಲ್ಲಿ ದಿನವೂ ಚುಚ್ಚಿದರೆ ಅಲ್ಲಿ ಗಂಟು ಕಟ್ಟುತ್ತದೆ. ಗಂಟಿನ ಜಾಗದಲ್ಲಿ ನೋವು ಕಡಿಮೆಯೆಂದು ಹಿರಿಯರು ಅಲ್ಲೇ ಚುಚ್ಚಿಕೊಳ್ಳುತ್ತಾರೆ, ಆದರೆ ಅಲ್ಲಿಂದ ಮದ್ದು ಸರಿಯಾಗಿ ಹೀರಿಕೆಯಾಗುವುದಿಲ್ಲ. ಚುಚ್ಚಿದ ಮೇಲೆ ಹತ್ತರವರೆಗೆ ಎಣಿಸಿ ಸೂಜಿ ತೆಗೆಯಿರಿ.

ಸಿರಿಂಜ್ ಒಮ್ಮೆ ಬಳಸಿ ಬಿಡಬೇಕಾದದ್ದು. ಖರ್ಚಿಗೆ ಹೆದರಿ ವಾರವಿಡೀ ಒಂದರಲ್ಲೇ ಚುಚ್ಚಿಕೊಳ್ಳುವವರನ್ನು ದೂಷಿಸುವುದು ಸುಲಭ. ಆದರೆ ನಾಲ್ಕೈದು ಸಲ ಬಳಸಿದರೆ ಸೂಜಿಯ ಮೊನೆ ಬಾಗುವುದಷ್ಟೇ ಅಲ್ಲ, ಬೆರಳು ತಾಗಿ ತಾಗಿ ಗೆರೆ ಮತ್ತು ಅಂಕಿ ಅಳಿಸುತ್ತವೆ. ಆಮೇಲೆ ಅದು 40ರದ್ದೋ 100ರದ್ದೋ ಯಾರಿಗೂ ತಿಳಿಯದು. ಅಂಕಿ ಅಳಿಸಿದ ಸಿರಿಂಜ್ ಬಳಸಲೇಬೇಡಿ. ಒಬ್ಬರ ಸಿರಿಂಜನ್ನು ಇನ್ನೊಬ್ಬರು, ಗಂಡ ಹೆಂಡತಿಯೇ ಆದರೂ, ಬಳಸಬಾರದು.

ಪ್ರಯಾಣಕ್ಕೆ, ರಮಝಾನ್‌ಗೆ

ಹಜ್ ಯಾತ್ರೆ ಸುಮಾರು 40 ದಿನ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ ಚುಚ್ಚುವವರಿಗೆ 80 ಸಿರಿಂಜ್ ಬೇಕು. ದಿನಕ್ಕೆ 40 ಯೂನಿಟ್ ಆದರೆ ಒಟ್ಟು 1600 ಯೂನಿಟ್, ಅಂದರೆ 40ರ ನಾಲ್ಕು ಬಾಟಲಿ. ಒಂದು ಬಾಟಲಿ ಒಡೆದರೆ ಇರಲೆಂದು ಐದು, ಸಿರಿಂಜ್ ನೂರು ಒಯ್ಯಿರಿ. ಮದ್ದಿನ ಹೆಸರು, ಬಲ, ಯೂನಿಟ್ ಬರೆದ ವೈದ್ಯರ ಇಂಗ್ಲಿಷ್ ಚೀಟಿ ಜೊತೆಗಿರಲಿ. ವಿಮಾನದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಅದು ಹೆಪ್ಪುಗಟ್ಟಬಹುದು. ಹೆಪ್ಪುಗಟ್ಟಿದ್ದು ಕರಗಿದರೂ ಕೆಲಸಕ್ಕೆ ಬಾರದು. ಅಲ್ಲಿ ಮದ್ದು ಮುಗಿದು ಕೊಳ್ಳಲೇಬೇಕಾದರೆ ಬಾಟಲಿ ಮತ್ತು ಸಿರಿಂಜ್ ಎರಡನ್ನೂ ಒಟ್ಟಿಗೆ ಅಲ್ಲಿಯೇ ಕೊಳ್ಳಿ, ಇಲ್ಲಿಂದ ಒಯ್ದ ಕೆಂಪು ಮುಚ್ಚಳದವನ್ನು ಅದಕ್ಕೆ ಮುಟ್ಟಿಸಬೇಡಿ. ಊರಿಗೆ ಮರಳುವಾಗ ಉಳಿದ ಸಿರಿಂಜ್‌ಗಳನ್ನು ನೆರೆಮನೆಯವರಿಗೆ ಹಂಚುವ ಮುನ್ನ ಅವರ ಬಾಟಲಿ ನೋಡಿ.

ರಮಝಾನ್‌ನಲ್ಲಿ ಸಹ್ರಿ ಮತ್ತು ಇಫ್ತಾರ್‌ಗೆ ವೈದ್ಯರು ಪ್ರಮಾಣ ಬದಲಾಯಿಸಿಕೊಡುತ್ತಾರೆ. ಉಪವಾಸ ಮಾಡಬಹುದೇ ಬೇಡವೇ ಎಂಬುದನ್ನೂ ಅವರೇ ಹೇಳಬೇಕು. ನಿದ್ದೆಗಣ್ಣಿನಲ್ಲಿ ಸಹ್ರಿಯ ಹೊತ್ತಿಗೆ ಎಳೆಯುವಾಗ ಸಂಖ್ಯೆ ಅದಲುಬದಲಾಗುವುದು ಸುಲಭ, ಆದ್ದರಿಂದ ಎರಡು ಹೊತ್ತಿನ ಯೂನಿಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿ.

ಸಕ್ಕರೆ ಇಳಿದರೆ

ಬೆವರು, ನಡುಕ, ಎದೆ ಬಡಿತ, ತಡೆಯಲಾಗದ ಹಸಿವು, ಸುಮ್ಮಸುಮ್ಮನೆ ಸಿಟ್ಟು, ತೊದಲು ಮಾತು ಇವು ಸಕ್ಕರೆ ಇಳಿದ ಗುರುತುಗಳು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿಸಿದರೆ, ಮೀಟರ್ ಇಲ್ಲದಿದ್ದರೆ ಗುರುತು ಕಂಡ ಕೂಡಲೇ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ. ಉಪವಾಸದಲ್ಲಿದ್ದರೂ ಕಾಯುವಂತಿಲ್ಲ, ಕೂಡಲೇ ಕುಡಿಸಬೇಕು. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ಮಗ್ಗುಲಾಗಿ ಮಲಗಿಸಿ 108ಕ್ಕೆ ಕರೆ ಮಾಡಿ. ಆಸ್ಪತ್ರೆಗೆ ಹೋಗುವಾಗ ಬಳಸಿದ ಬಾಟಲಿಯನ್ನೂ ಸಿರಿಂಜನ್ನೂ ಒಯ್ಯಿರಿ. ಎಷ್ಟು ಇನ್ಸುಲಿನ್ ಒಳಗೆ ಹೋಗಿದೆ ಎಂದು ಅಲ್ಲಿನ ವೈದ್ಯರು ಲೆಕ್ಕ ಹಾಕುವುದು ಅವೆರಡನ್ನು ನೋಡಿಯೇ.

ಬಳಸಿದ ಸಿರಿಂಜನ್ನು ಒಣಕಸದ ಜೊತೆ ಹಾಕಿದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಖಾಲಿ ಡಬ್ಬಿಯೊಂದನ್ನು ಇದಕ್ಕೆಂದೇ ಇಟ್ಟು, ಸೂಜಿ ಒಳಮುಖವಾಗಿ ಹಾಕುತ್ತ ಬನ್ನಿ. ಮುಕ್ಕಾಲು ತುಂಬಿದಾಗ ಮುಚ್ಚಳ ಬಿಗಿದು ಟೇಪು ಸುತ್ತಿ, ಹತ್ತಿರದ ಆಸ್ಪತ್ರೆಯಲ್ಲೋ ಪ್ರಯೋಗಾಲಯದಲ್ಲೋ ಸೂಜಿ ಕಸಕ್ಕೆ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ ಕೊಡಿ, ಇಲ್ಲವೇ ಕಸದ ಗಾಡಿಯವರಿಗೆ ಸೂಜಿಯ ಡಬ್ಬಿ ಎಂದು ಹೇಳಿ ಪ್ರತ್ಯೇಕವಾಗಿ ಕೊಡಿ.